ಡೆವನ್‌ನ ಕವಲು ರೈಲುಮಾರ್ಗಗಳು: ಹಾಕಿದ್ದೇಕೆ, ಕಿತ್ತದ್ದೇಕೆ

ಇಂಗ್ಲೆಂಡಿನ ನೈರುತ್ಯ ಮೂಲೆಯ ಡೆವನ್ ಕೌಂಟಿಯಲ್ಲಿ, ಎಕ್ಸೆಟರ್ ನಗರದ ಸೇಂಟ್ ಡೇವಿಡ್ಸ್ ನಿಲ್ದಾಣಕ್ಕೆ 1950ರ ದಶಕದಲ್ಲಿ ಬಂದಿಳಿದ ಹೊಸಬರಿಗೆ ತಲೆ ಕೆಡುವಂಥ ಒಂದು ನೋಟ ಕಾಣುತ್ತಿತ್ತು. ಪ್ಲಿಮತ್‌ಗೆ ಹೋಗುವ ಎರಡು ರೈಲುಗಳಲ್ಲಿ ಒಂದು ದಕ್ಷಿಣಕ್ಕೆ ಮುಖ ಮಾಡಿ ನಿಂತಿದ್ದರೆ ಇನ್ನೊಂದು ಉತ್ತರಕ್ಕೆ ಮುಖ ಮಾಡಿ ನಿಂತಿರುತ್ತಿತ್ತು. ಎರಡೂ ಪ್ಲಿಮತ್ ತಲುಪುತ್ತಿದ್ದವು. ದಕ್ಷಿಣದ ರೈಲು ಡಾಲಿಶ್, ಟಿನ್‌ಮತ್ ಊರುಗಳ ಕಡಲ ಗೋಡೆಗೆ ಅಂಟಿಕೊಂಡು ಹೋಗುತ್ತಿತ್ತು. ಉತ್ತರದ ರೈಲು ಕ್ರೆಡಿಟನ್ ದಾಟಿ, ಡಾರ್ಟ್‌ಮೂರ್ ಎಂಬ ಬೋಳು ಬೆಟ್ಟಸೀಮೆಯನ್ನು ಬಳಸಿಕೊಂಡು, ಓಕ್‌ಹ್ಯಾಂಪ್ಟನ್ ಮತ್ತು ಟ್ಯಾವಿಸ್ಟಾಕ್ ಮೂಲಕ ಇಳಿಯುತ್ತಿತ್ತು. ಲಂಡನ್ ರೈಲುಗಳದ್ದೂ ಅದೇ ಕಥೆ. ಪ್ಯಾಡಿಂಗ್ಟನ್‌ಗೆ ಹೋಗುವುದು ಒಂದು ದಿಕ್ಕಿಗೆ, ವಾಟರ್‌ಲೂಗೆ ಹೋಗುವುದು ಅದರ ವಿರುದ್ಧ ದಿಕ್ಕಿಗೆ ಹೊರಡುತ್ತಿತ್ತು.

ಒಂದೇ ಊರಿಗೆ ಹೀಗೆ ಎರಡು ಕಡೆಯಿಂದ ಹಳಿ ಹಾಕಿದವರು ಯಾವ ಸರಕಾರಿ ಯೋಜಕರೂ ಅಲ್ಲ, ಒಬ್ಬರ ಮುಖ ಒಬ್ಬರಿಗಾಗದ ಎರಡು ಖಾಸಗಿ ಪಾಳೆಯಗಳು. ಒಂದು ಗ್ರೇಟ್ ವೆಸ್ಟರ್ನ್ ಮತ್ತು ಕ್ರಮೇಣ ಅದರೊಳಗೆ ಸೇರಿಹೋದ ಅದರ ಮಿತ್ರ ಕಂಪನಿಗಳು. ಇನ್ನೊಂದು ಲಂಡನ್ ಅಂಡ್ ಸೌತ್ ವೆಸ್ಟರ್ನ್. ಡೆವನ್‌ನ ಸ್ಥಳೀಯ ಮಾರ್ಗಗಳು ಎದ್ದದ್ದೂ ಬಿದ್ದದ್ದೂ ಅರ್ಥವಾಗಬೇಕಾದರೆ ಈ ಪೈಪೋಟಿಯಿಂದಲೇ ಶುರು ಮಾಡಬೇಕು. ಸಾಮಾನ್ಯವಾಗಿ ಈ ಕಥೆಯನ್ನು, 1963ರಲ್ಲಿ ಬೀಚಿಂಗ್ ಎಂಬ ಅಧಿಕಾರಿ ಕೊಡಲಿ ಬೀಸಿದರು ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಆ ಮಾರ್ಗಗಳಲ್ಲಿ ಹಲವು ಹುಟ್ಟುವಾಗಲೇ ಬಡಕಲಾಗಿದ್ದವು, ಕೆಲವು ಬೀಚಿಂಗ್ ಬರುವ ಮೊದಲೇ ಕಣ್ಣು ಮುಚ್ಚಿದ್ದವು. ರೈಲು ನಿಲ್ಲಿಸಿದ್ದಕ್ಕಿಂತ, ನಿಲ್ಲಿಸಿದ ಮೇಲೆ ಹಳಿ ಕಿತ್ತು ನೆಲ ಮಾರಿದ್ದೇ ಹೆಚ್ಚು ದುಬಾರಿಯಾಯಿತು ಎಂಬುದು ನನ್ನ ಎಣಿಕೆ.

ಡೆವನ್‌ನ ಮೊದಲ ಹಳಿ ಕಬ್ಬಿಣದ್ದಾಗಿರಲಿಲ್ಲ, ಕಲ್ಲಿನದಾಗಿತ್ತು. ಡಾರ್ಟ್‌ಮೂರ್‌ನ ಹೇಟಾರ್ ಗುಡ್ಡದಲ್ಲಿ ತೆಗೆದ ಗ್ರಾನೈಟನ್ನು ಕೆಳಗಿನ ಕಾಲುವೆಗೆ ಸಾಗಿಸಲು ಜಾರ್ಜ್ ಟೆಂಪ್ಲರ್ ಎಂಬ ಭೂಮಾಲೀಕ 1820ರಲ್ಲಿ ಒಂದು ಟ್ರಾಮ್ ದಾರಿ ಮಾಡಿಸಿದ. ಗಾಡಿಯ ಚಕ್ರ ಆಚೀಚೆ ಸರಿಯದಂತೆ ಅಂಚು ಬಿಟ್ಟು ಕೆತ್ತಿದ ಗ್ರಾನೈಟ್ ದಿಮ್ಮಿಗಳೇ ಅದರ ಹಳಿ. ತುಂಬಿದ ಗಾಡಿಗಳು ತಮ್ಮ ಭಾರಕ್ಕೆ ತಾವೇ ಇಳಿಯುತ್ತಿದ್ದವು, ಖಾಲಿ ಗಾಡಿಗಳನ್ನು ಕುದುರೆಗಳು ಮೇಲಕ್ಕೆಳೆದು ತರುತ್ತಿದ್ದವು. 1831ರಲ್ಲಿ ತೆರೆದ ಲಂಡನ್ ಸೇತುವೆಗೆ ಕಲ್ಲು ಹೋದದ್ದು ಈ ದಾರಿಯಲ್ಲಿ. ವ್ಯಾಪಾರ ನಿಂತು ಒಂದೂವರೆ ಶತಮಾನ ಕಳೆದರೂ ಆ ಹಳಿ ಇಂದಿಗೂ ಹುಲ್ಲಿನ ನಡುವೆ ಬಿದ್ದುಕೊಂಡಿದೆ. ಕಲ್ಲನ್ನು ಗುಜರಿಗೆ ಕೊಳ್ಳುವವರಿಲ್ಲವಲ್ಲ.

ಉಗಿಬಂಡಿ ಎಕ್ಸೆಟರ್ ಮುಟ್ಟಿದ್ದು 1844ರ ಮೇ 1ರಂದು, ಬ್ರಿಸ್ಟಲ್ ಅಂಡ್ ಎಕ್ಸೆಟರ್ ಕಂಪನಿಯ ಮಾರ್ಗದಲ್ಲಿ. ಲಂಡನ್‌ನಿಂದ 194 ಮೈಲಿಯನ್ನು ಮೊದಲ ವಿಶೇಷ ರೈಲು 5 ಗಂಟೆಯಲ್ಲಿ ಕ್ರಮಿಸಿತು. ಎಂಜಿನ್ ನಡೆಸಿದವರು ಗ್ರೇಟ್ ವೆಸ್ಟರ್ನ್‌ನ ಎಂಜಿನ್ ವಿಭಾಗದ ಮುಖ್ಯಸ್ಥ ಡೇನಿಯಲ್ ಗೂಚ್. ಅಂದಿನ ಎಕ್ಸೆಟರ್ ತನ್ನ ಸೂರ್ಯನನ್ನು ನೋಡಿಕೊಂಡು ಗಡಿಯಾರ ಇಟ್ಟುಕೊಳ್ಳುತ್ತಿದ್ದುದರಿಂದ ಅದರ ಸಮಯ ಲಂಡನ್ನಿಗಿಂತ 14 ನಿಮಿಷ ಹಿಂದಿತ್ತು. ನಿಲ್ದಾಣದ ಗಡಿಯಾರ ಮಾತ್ರ ಲಂಡನ್ ಸಮಯ ತೋರಿಸುತ್ತಿತ್ತು. ಊರಿನ ಗಡಿಯಾರ ನಂಬಿ ಹೊರಟವರಿಗೆ ರೈಲು ತಪ್ಪುತ್ತಿತ್ತು. ಕೆಥೀಡ್ರಲ್ಲಿನ ಮುಖ್ಯಸ್ಥರು ಬಹುಕಾಲ ಹಟ ಹಿಡಿದು, ಕೊನೆಗೆ 1852ರಲ್ಲಿ ರೈಲಿನ ಸಮಯಕ್ಕೆ ತಲೆಬಾಗಿದರು.

ಎಕ್ಸೆಟರ್‌ನಿಂದ ಪ್ಲಿಮತ್‌ಗೆ ಹೋಗುವ ಸೌತ್ ಡೆವನ್ ಮಾರ್ಗವನ್ನು ರೂಪಿಸಿದ ಇಸಂಬಾರ್ಡ್ ಕಿಂಗ್ಡಮ್ ಬ್ರುನೆಲ್, ಎಂಜಿನ್ನೇ ಇಲ್ಲದ ರೈಲನ್ನು ಓಡಿಸಿ ತೋರಿಸಿದರು. ಹಳಿಗಳ ನಡುವೆ ಉದ್ದಕ್ಕೂ ಒಂದು ಕಬ್ಬಿಣದ ಕೊಳವೆ. ಕೊಳವೆಯ ನೆತ್ತಿಯಲ್ಲಿ ಸೀಳು. ಸೀಳನ್ನು ಮುಚ್ಚುವ ಚರ್ಮದ ಪಟ್ಟಿ. ಮುಂದಿನ ಗಾಡಿಯಿಂದ ಆ ಸೀಳಿನ ಮೂಲಕ ಕೊಳವೆಯೊಳಗೆ ಇಳಿದಿರುವ ಪಿಸ್ಟನ್. ಸುಮಾರು 3 ಮೈಲಿಗೊಂದರಂತೆ ಕಟ್ಟಿದ ಎಂಜಿನ್ ಮನೆಗಳು ಕೊಳವೆಯ ಗಾಳಿಯನ್ನು ಹೀರಿದಾಗ ಹಿಂದಿನ ಗಾಳಿ ಪಿಸ್ಟನ್ನನ್ನು ಮುಂದಕ್ಕೆ ನೂಕುತ್ತಿತ್ತು. ಪಿಚಕಾರಿಯ ದಂಡ ಹೊರಗೆಳೆದಾಗ ನೀರು ಒಳನುಗ್ಗುವುದನ್ನು ನೆನೆಸಿಕೊಂಡರೆ ಇದರ ತತ್ತ್ವ ಹೊಳೆಯುತ್ತದೆ. ಹೊಗೆಯಿಲ್ಲ, ಕಿಡಿಯಿಲ್ಲ, ಓಟವೂ ಸರಾಗ. ಆದರೆ ಚರ್ಮ ಒಣಗಿ ಬಿರಿಯಿತು, ಕಬ್ಬಿಣಕ್ಕೆ ತಾಗಿದಲ್ಲಿ ಕೊಳೆಯಿತು, ಗಾಳಿ ಸೋರಿತು. 1847ರ ಸೆಪ್ಟೆಂಬರಿನಲ್ಲಿ ಶುರುವಾದ ಪ್ರಯೋಗ 1848ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಉಳಿದದ್ದು ಸ್ಟಾರ್‌ಕ್ರಾಸ್‌ನಲ್ಲಿರುವ ಒಂದು ಎಂಜಿನ್ ಮನೆ, ಮತ್ತು ಕೊಳವೆ ರೈಲಿಗೆ ಯಾವ ಏರಾದರೂ ಸರಿ ಎಂಬ ಭರವಸೆಯಲ್ಲಿ ಡೇನ್‌ಟನ್, ರಾಟರಿ ಗುಡ್ಡಗಳಲ್ಲಿ ಬಿಟ್ಟ ಕಡಿದಾದ ಏರುಗಳು. ಆ ಏರುಗಳನ್ನು ಮುಂದಿನ ಎಲ್ಲ ಉಗಿ ಎಂಜಿನ್ನುಗಳೂ ಏದುಸಿರು ಬಿಡುತ್ತ ಹತ್ತಬೇಕಾಯಿತು.

ಬ್ರುನೆಲ್ ಅವರ ಇನ್ನೊಂದು ಹಟ ಗೇಜಿನದು. ಅವರ ಹಳಿಗಳ ನಡುವಿನ ಅಂತರ 7 ಅಡಿ ಕಾಲು ಅಂಗುಲ. ನಮ್ಮ ಇಂದಿನ ಬ್ರಾಡ್‌ಗೇಜಿನ ಅಗಲ 5 ಅಡಿ 6 ಅಂಗುಲ ಎಂದರೆ ಅದರ ಗಾತ್ರ ಅಂದಾಜಾಗುತ್ತದೆ. ಉಳಿದ ಇಂಗ್ಲೆಂಡಿನ ಬಹುಪಾಲು ಹಳಿ 4 ಅಡಿ 8½ ಅಂಗುಲದ್ದು. 1860ರಲ್ಲಿ ಎಕ್ಸೆಟರ್‌ನ ಕ್ವೀನ್ ಸ್ಟ್ರೀಟ್ ನಿಲ್ದಾಣಕ್ಕೆ ಬಂದ ಸೌತ್ ವೆಸ್ಟರ್ನ್ ಕಂಪನಿಯದು ಈ ಕಿರಿಯ ಗೇಜು. ಒಂದೇ ಕೌಂಟಿಯಲ್ಲಿ ಎರಡು ಅಳತೆ ಎಂದರೆ, ಗೇಜು ಬದಲಾಗುವಲ್ಲೆಲ್ಲ ಮೂಟೆಯಿಂದ ದನಕರುವಿನವರೆಗೆ ಎಲ್ಲವನ್ನೂ ಒಂದು ಡಬ್ಬಿಯಿಂದ ಇಳಿಸಿ ಇನ್ನೊಂದಕ್ಕೆ ಏರಿಸಬೇಕು. ಮೀಟರ್‌ಗೇಜ್ ಕಾಲದ ಕರ್ನಾಟಕವನ್ನು ಕಂಡವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಿಲ್ಲ. ಕೊನೆಗೆ 1892ರ ಮೇ ತಿಂಗಳ ಒಂದು ವಾರಾಂತ್ಯದಲ್ಲಿ 4,000ಕ್ಕೂ ಹೆಚ್ಚು ಕಾರ್ಮಿಕರು ಗುಡಾರಗಳಲ್ಲೂ ಸರಕು ಕೊಠಡಿಗಳಲ್ಲೂ ಮಲಗಿ, ಓಟ್ಸ್ ಗಂಜಿ ಕುಡಿದು, ಎಕ್ಸೆಟರ್‌ನಿಂದ ಪಶ್ಚಿಮಕ್ಕಿದ್ದ ಅಗಲ ಹಳಿಯನ್ನೆಲ್ಲ ಒಳಕ್ಕೆ ಸರಿಸಿದರು. ಶುಕ್ರವಾರ ರಾತ್ರಿ ನಿಂತ ರೈಲು ಸೋಮವಾರ ಬೆಳಿಗ್ಗೆ ಹೊಸ ಅಳತೆಯಲ್ಲಿ ಓಡಿತು.

ಇವೆಲ್ಲ ಮುಖ್ಯ ಮಾರ್ಗದ ಸಂಗತಿ. ಕವಲು ಮಾರ್ಗಗಳ ಹುಟ್ಟು ಬೇರೆ ಬಗೆಯದು. ರೈಲು ಪಕ್ಕದ ಊರಿಗೆ ಬಂತು ಎಂದರೆ ಈ ಊರಿನ ವರ್ತಕರು, ವಕೀಲರು ಮತ್ತು ಜಮೀನ್ದಾರರು ಹೋಟೆಲೊಂದರಲ್ಲಿ ಸಭೆ ಸೇರುತ್ತಿದ್ದರು. ರೈಲಿಲ್ಲದ ಊರಿನಲ್ಲಿ ಕಲ್ಲಿದ್ದಲು ತುಟ್ಟಿ, ದನ ಸಂತೆಗೆ ನಡೆದೇ ಹೋಗಬೇಕು, ಹಾಲು ದೂರದ ಪೇಟೆಗೆ ಹೋಗುವಷ್ಟರಲ್ಲಿ ಒಡೆದಿರುತ್ತದೆ. ಆದ್ದರಿಂದ ಅವರು ಪಾರ್ಲಿಮೆಂಟಿನಿಂದ ಒಂದು ಕಾಯಿದೆ ಮಾಡಿಸಿಕೊಂಡು, ಷೇರು ಮಾರಿ, ಹತ್ತು ಹನ್ನೆರಡು ಮೈಲಿ ಹಳಿ ಹಾಕಿಸುತ್ತಿದ್ದರು. ಎಂಜಿನ್, ಬೋಗಿ, ಸಿಬ್ಬಂದಿ ಎಲ್ಲ ದೊಡ್ಡ ಕಂಪನಿಯದು. ಗಳಿಕೆಯಲ್ಲಿ ಒಂದು ಪಾಲು ಅದಕ್ಕೆ. ಲಾಭಾಂಶ ಬರಲಿಲ್ಲವೆಂದು ಕೆಲವು ವರ್ಷಗಳಲ್ಲಿ ಬೇಸತ್ತ ಷೇರುದಾರರು ಮಾರ್ಗವನ್ನು ಆ ದೊಡ್ಡ ಕಂಪನಿಗೇ ಮಾರಿ ಕೈತೊಳೆದುಕೊಳ್ಳುತ್ತಿದ್ದರು. ಕೊಂಡ ಕಂಪನಿಗೆ ಆ ಕವಲು ಬೇಕಾಗಿದ್ದದ್ದು ಲಾಭಕ್ಕಿಂತ ಹೆಚ್ಚಾಗಿ ಎದುರಾಳಿ ಆ ಕಣಿವೆಗೆ ಕಾಲಿಡದಿರಲೆಂದು. ಊರಿಗೆ ಮಾತ್ರ ಲಾಭವೇ: ಅಗ್ಗದ ಕಲ್ಲಿದ್ದಲು, ಹತ್ತಿರವಾದ ಪೇಟೆ, ಬೇಸಿಗೆಯಲ್ಲಿ ಬರುವ ಪ್ರವಾಸಿಗರು. ಹಳಿಯಿಂದ ಆಗುವ ಲಾಭ ಹಳಿಯ ಲೆಕ್ಕಪುಸ್ತಕದಲ್ಲಿ ಕಾಣದೆ ಊರಿನ ಅಂಗಡಿಗಳಲ್ಲಿ ಕಾಣುತ್ತಿತ್ತು ಎಂಬ ಈ ಅಂಶ ಮುಂದೆ ಮತ್ತೆ ಬರುತ್ತದೆ.

1898ರ ವೇಳೆಗೆ ನಕ್ಷೆಯ ತುಂಬ ಇಂಥ ಕವಲುಗಳೇ. ಉತ್ತರದಲ್ಲಿ ಬಾರ್ನ್‌ಸ್ಟೇಪಲ್, ಬಿಡಿಫರ್ಡ್, ಇಲ್ಫ್ರಕೂಮ್; ದಕ್ಷಿಣದಲ್ಲಿ ಬ್ರಿಕ್ಸಮ್, ಕಿಂಗ್ಸ್‌ಬ್ರಿಡ್ಜ್, ಆ್ಯಶ್‌ಬರ್ಟನ್; ಪೂರ್ವದಲ್ಲಿ ಸೀಟನ್, ಸಿಡ್‌ಮತ್, ಎಕ್ಸ್‌ಮತ್. ಇವುಗಳಲ್ಲಿ ಕೆಲವನ್ನು ನೋಡಿದರೆ ಕಟ್ಟಿದವರಿಗೆ ಪ್ರಯಾಣಿಕರ ಮೇಲೆ ಏನೋ ಕೋಪವಿತ್ತೇ ಎನ್ನಿಸುತ್ತದೆ. ಸಿಡ್‌ಮತ್ ನಿಲ್ದಾಣವನ್ನು ಕಡಲ ದಂಡೆಯಿಂದ ಬೇಕೆಂದೇ ಸುಮಾರು ಮುಕ್ಕಾಲು ಮೈಲಿ ದೂರ ಇಟ್ಟರು, ಅಗ್ಗದ ಟಿಕೆಟ್ಟಿನ ಜನಜಂಗುಳಿ ಆ ಸಭ್ಯ ಊರಿಗೆ ನುಗ್ಗದಿರಲೆಂದು. ಯೆಲ್ವರ್ಟನ್‌ನಿಂದ ಡಾರ್ಟ್‌ಮೂರ್ ಸೆರೆಮನೆಯ ಊರಾದ ಪ್ರಿನ್ಸ್‌ಟೌನ್‌ಗೆ 1883ರಲ್ಲಿ ತೆರೆದ ಮಾರ್ಗ ಹಳೆಯ ಕುದುರೆ ಟ್ರಾಮ್ ದಾರಿಯ ಜಾಡನ್ನೇ ಬಹುಮಟ್ಟಿಗೆ ಹಿಡಿದಿದ್ದರಿಂದ, ನೇರವಾಗಿ 6 ಮೈಲಿಯಿರುವ ದೂರಕ್ಕೆ ಹತ್ತೂವರೆ ಮೈಲಿ ಸುತ್ತುತ್ತಿತ್ತು. ಕಿಂಗ್ ಟಾರ್ ಗುಡ್ಡದಲ್ಲಿ ಅದು ಹಾಕುವ ಸುತ್ತಿನ ಮೇಲ್ಮಗ್ಗುಲಲ್ಲಿ ನಿಂತರೆ ತಾನು ಆಗಷ್ಟೇ ಬಂದ ಹಳಿ ಕಾಲಡಿಯಲ್ಲೇ ಕಾಣುತ್ತಿತ್ತು. ಕಲ್ಮ್ ಕಣಿವೆಯ ಹೆಮಿಯಾಕ್ ಮಾರ್ಗದ್ದು ಇನ್ನೂ ತಮಾಷೆ. ಆ ರೈಲು ಎಷ್ಟು ನಿಧಾನವೆಂದರೆ ಚಕ್ರ ತಿರುಗಿ ಬ್ಯಾಟರಿ ತುಂಬುವಷ್ಟು ವೇಗವೇ ಬರುತ್ತಿರಲಿಲ್ಲ. ಹಾಗಾಗಿ 1962ರವರೆಗೂ ಅದರ ಬೋಗಿಗಳಲ್ಲಿ ಉರಿಯುತ್ತಿದ್ದದ್ದು ಗ್ಯಾಸ್ ದೀಪ. ಅದನ್ನು ಬದುಕಿಸಿದ್ದು ಕೊನೆಯ ನಿಲ್ದಾಣದ ಪಕ್ಕದಲ್ಲಿದ್ದ ಡೈರಿ. ಪ್ರಯಾಣಿಕರ ರೈಲು 1963ರಲ್ಲಿ ನಿಂತರೂ ಹಾಲಿನ ಟ್ಯಾಂಕರುಗಳು 1975ರವರೆಗೆ ಓಡಿದವು.

ಲಿಂಟನ್ ಮಾರ್ಗದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಬಾರ್ನ್‌ಸ್ಟೇಪಲ್‌ನಿಂದ ಉತ್ತರದ ಕಡಲ ಬಂಡೆಗಳ ಮೇಲಿರುವ ಲಿಂಟನ್‌ಗೆ 19 ಮೈಲಿ. ಅಲ್ಲಿ ಮನೆ ಮಾಡಿಕೊಂಡಿದ್ದ ಶ್ರೀಮಂತ ಪತ್ರಿಕೋದ್ಯಮಿ ಸರ್ ಜಾರ್ಜ್ ನ್ಯೂನ್ಸ್ ಅವರ ಮುಂದಾಳತ್ವದಲ್ಲಿ 1898ರ ಮೇ ತಿಂಗಳಲ್ಲಿ ಇದು ತೆರೆಯಿತು. ಖರ್ಚು ಉಳಿಸಲು ಹಳಿಯ ಅಗಲವನ್ನು ಕೇವಲ 1 ಅಡಿ 11½ ಅಂಗುಲಕ್ಕೆ ಇಳಿಸಲಾಗಿತ್ತು. ಎಂಜಿನ್ನುಗಳಿಗೆ ಸ್ಥಳೀಯ ನದಿಗಳ ಹೆಸರು, ಅದೂ ಮೂರಕ್ಷರದವೇ: ಯೋ, ಎಕ್ಸ್, ಟಾ, ಅಮೆರಿಕದಿಂದ ತರಿಸಿದ್ದಕ್ಕೆ ಲಿನ್, ಮುಂದೆ 1925ರಲ್ಲಿ ಬಂದದ್ದಕ್ಕೆ ಲ್ಯೂ. ಇಂಗ್ಲಿಷಿನಲ್ಲಿ ಬರೆದಾಗ ಮೂರಕ್ಷರ ಎಂಬುದನ್ನು ಕನ್ನಡದಲ್ಲಿ ಓದುವವರು ಮನ್ನಿಸಬೇಕು. ಎಂಟು ಕಮಾನುಗಳ ಚೆಲ್ಫಮ್ ಸೇತುವೆಯ ಮೇಲೆ ಆ ಪುಟ್ಟ ರೈಲು ಹಾಯುವ ನೋಟ ಚೆಲುವಾಗಿತ್ತು, ಆದರೆ 19 ಮೈಲಿಗೆ ಒಂದೂವರೆ ಗಂಟೆ ಹಿಡಿಯುತ್ತಿತ್ತು. ಮೇಲಾಗಿ ಲಿಂಟನ್ ನಿಲ್ದಾಣವನ್ನು ಊರಿನ ಕಣ್ಣಿಗೆ ಬೀಳದಂತೆ ಗುಡ್ಡದ ಮೇಲೆಲ್ಲೋ ಕಟ್ಟಿದ್ದರು. ಇಳಿದವರು ಸಾಮಾನು ಹೊತ್ತು ಇಳಿಜಾರು ನಡೆಯಬೇಕು, ಹೊರಡುವವರು ಏರು ಹತ್ತಬೇಕು. 1920ರ ದಶಕದಲ್ಲಿ ಊರಿನ ನಡುವೆಯೇ ನಿಲ್ಲುವ ಮೋಟಾರ್ ಬಸ್ಸು ಬಂದಾಗ ಸ್ಪರ್ಧೆಯೆಂಬುದೇ ಉಳಿಯಲಿಲ್ಲ.

ಕೊನೆಯ ರೈಲು ಓಡಿದ್ದು 1935ರ ಸೆಪ್ಟೆಂಬರ್ 29ರಂದು. ಮಾರನೆಯ ದಿನ ಬಾರ್ನ್‌ಸ್ಟೇಪಲ್ ನಿಲ್ದಾಣದಲ್ಲಿ, ಹಳಿ ತಡೆಗಟ್ಟೆಯ ಬಳಿ ಒಂದು ಹೂಮಾಲೆ ಕಂಡಿತು. ಅದಕ್ಕೆ ಕಟ್ಟಿದ್ದ ಚೀಟಿಯಲ್ಲಿ, ಇದು ಸತ್ತಿಲ್ಲ, ನಿದ್ದೆ ಹೋಗಿರಬಹುದೇನೋ ಎಂಬರ್ಥದ ಒಂದು ಸಾಲಿತ್ತು. ತಂದಿಟ್ಟವರು ವುಡಿ ಬೇ ಎಂಬ ನಡುವಿನ ನಿಲ್ದಾಣದ ಊರಿನಲ್ಲಿ ನೆಲೆಸಿದ್ದ ನೌಕಾಪಡೆಯ ಒಬ್ಬ ನಿವೃತ್ತ ಅಧಿಕಾರಿ. ಆದರೆ ರೈಲು ಕಂಪನಿಗೆ ಅದು ನಿದ್ದೆಯಾಗಿರಲಿಲ್ಲ. ನವೆಂಬರಿನಲ್ಲೇ ಹರಾಜು ಕರೆದು ಎಂಜಿನ್, ಬೋಗಿ, ಹಳಿ ಎಲ್ಲವನ್ನೂ ಗುಜರಿಗೆ ಹಾಕಲಾಯಿತು. ಕೆಲವು ಬೋಗಿಗಳು ಹಿತ್ತಲ ಕೊಟ್ಟಿಗೆಗಳಾದವು. ಲ್ಯೂ ಎಂಜಿನ್ ಮಾತ್ರ 1936ರಲ್ಲಿ ಹಡಗೇರಿ ಬ್ರೆಜಿಲ್‌ಗೆ ಹೋಯಿತು, ಆಮೇಲೆ ಅದರ ಸುಳಿವಿಲ್ಲ. ಬೀಚಿಂಗ್ ವರದಿಗೆ ಆಗ ಇನ್ನೂ 28 ವರ್ಷ ಬಾಕಿ.

ಅದಕ್ಕೂ ಮೊದಲೇ ಹೋದದ್ದು ಬಿಡಿಫರ್ಡ್‌ನಿಂದ ಆಪಲ್‌ಡೋರ್‌ಗೆ ಇದ್ದ ಪುಟ್ಟ ಮಾರ್ಗ. 1901ರಲ್ಲಿ ತೆರೆದ ಅದು ಬೇರೆ ಯಾವ ಹಳಿಗೂ ಸೇರಿರಲಿಲ್ಲ. ಮೊದಲನೆಯ ಮಹಾಯುದ್ಧದಲ್ಲಿ, 1917ರಲ್ಲಿ, ಸೇನೆಗೆ ಬೇಕೆಂದು ಅದರ ಎಂಜಿನ್ನುಗಳನ್ನು ವಶಪಡಿಸಿಕೊಂಡಾಗ ಅವನ್ನು ಹೊರಗೆ ತೆಗೆಯಲು ಬಿಡಿಫರ್ಡ್‌ನ ಹಳೆಯ ಕಲ್ಲು ಸೇತುವೆಯ ಮೇಲೆ ತಾತ್ಕಾಲಿಕವಾಗಿ ಹಳಿ ಹಾಸಬೇಕಾಯಿತು. ಇದಕ್ಕೆ ತದ್ವಿರುದ್ಧವಾಗಿ, ಬಸ್ಸುಗಳು ಹಳ್ಳಿ ಹಳ್ಳಿಗೂ ಬಂದ ಮೇಲೆ, 1925ರಲ್ಲಿ, ಟಾರಿಂಗ್ಟನ್‌ನಿಂದ ಹಾಲ್‌ವಿಲ್‌ಗೆ 20 ಮೈಲಿಯ ಹೊಸ ಮಾರ್ಗವೊಂದನ್ನು ತೆರೆದರು. ಜೇಡಿಮಣ್ಣಿನ ಸಾಗಣೆಯಷ್ಟೇ ಅದರ ಆಸ್ತಿ. ಪ್ರಯಾಣಿಕರಿಗೆಂದು ಒಂದು ಬೋಗಿ ಕಟ್ಟಿಕೊಂಡು, ಅದನ್ನೂ ತುಂಬಲಾರದೆ, 40 ವರ್ಷ ತೆವಳಿ 1965ರಲ್ಲಿ ಅದು ನಿಂತಿತು. ಈ ಮಾರ್ಗ ಮುಚ್ಚಿದ್ದನ್ನು ಅನ್ಯಾಯವೆಂದು ವಾದಿಸುವುದು ನನ್ನಿಂದಾಗದು, ತೆರೆದದ್ದೇ ಅಚ್ಚರಿ.

1948ರ ಜನವರಿ 1ರಂದು ಬ್ರಿಟನ್ನಿನ ರೈಲ್ವೆ ರಾಷ್ಟ್ರೀಕರಣವಾಯಿತು. ಯುದ್ಧದಲ್ಲಿ ಸವೆದ ಹಳಿ, ಹಳೆಯ ಎಂಜಿನ್, ಏರುವ ಸಂಬಳ, ರಸ್ತೆಗಿಳಿದ ಲಾರಿ ಇವೆಲ್ಲ ಒಟ್ಟಾಗಿ ಬಂದವು. 1950ರಲ್ಲಿ ಪೆಟ್ರೋಲ್ ಪಡಿತರ ಮುಗಿದ ಮೇಲೆ ಕಾರು ಕೊಂಡವರು ಮತ್ತೆ ಕವಲು ರೈಲಿನ ಕಡೆ ತಿರುಗಿ ನೋಡಲಿಲ್ಲ. ಪ್ರಿನ್ಸ್‌ಟೌನ್ 1956ರಲ್ಲಿ, ಆ್ಯಶ್‌ಬರ್ಟನ್ 1958ರಲ್ಲಿ, ಮೋರ್ಟನ್‌ಹ್ಯಾಂಪ್‌ಸ್ಟೆಡ್ 1959ರಲ್ಲಿ ಪ್ರಯಾಣಿಕರ ರೈಲು ಕಳೆದುಕೊಂಡವು. 1962ರಲ್ಲಿ ರೈಲ್ವೆಯ ನಷ್ಟ 10 ಕೋಟಿ ಪೌಂಡನ್ನು ದಾಟಿತು.

ರಿಚರ್ಡ್ ಬೀಚಿಂಗ್ ಭೌತವಿಜ್ಞಾನಿ, ಐ.ಸಿ.ಐ. ಎಂಬ ರಾಸಾಯನಿಕ ಕಂಪನಿಯ ನಿರ್ದೇಶಕರಾಗಿದ್ದವರು. ಅಲ್ಲಿ ಪಡೆಯುತ್ತಿದ್ದ ವಾರ್ಷಿಕ 24,000 ಪೌಂಡ್ ಸಂಬಳವನ್ನೇ ಕೊಟ್ಟು ಅವರನ್ನು 1961ರಲ್ಲಿ ರೈಲ್ವೆಗೆ ಕರೆತಂದ ಸಾರಿಗೆ ಸಚಿವ ಅರ್ನೆಸ್ಟ್ ಮಾರ್ಪಲ್ಸ್, ತಾವೇ ಒಂದು ರಸ್ತೆ ನಿರ್ಮಾಣ ಕಂಪನಿಯ ಸ್ಥಾಪಕರಲ್ಲೊಬ್ಬರು. ಇದನ್ನು ಹಿಡಿದು ಪಿತೂರಿಯ ಕಥೆ ಹೆಣೆಯುವವರಿದ್ದಾರೆ. ಅಂಕಿಗಳೇ ಅಷ್ಟು ಕೆಟ್ಟದಾಗಿದ್ದಾಗ ಪಿತೂರಿಯ ಅಗತ್ಯವಿರಲಿಲ್ಲ. 1963ರ ಮಾರ್ಚ್ 27ರಂದು ಹೊರಬಂದ ಬೀಚಿಂಗ್ ವರದಿ, ದೇಶದ ಹಳಿಯ ಮೂರನೆಯ ಒಂದು ಭಾಗದಲ್ಲಿ ಒಟ್ಟು ಪ್ರಯಾಣದ ಕೇವಲ ಶೇಕಡ 1ರಷ್ಟು ಮಾತ್ರ ನಡೆಯುತ್ತದೆ ಎಂದಿತು. 2,363 ನಿಲ್ದಾಣಗಳನ್ನು ಮುಚ್ಚಬೇಕೆಂದಿತು.

ಡೆವನ್‌ನವರು ಈ ಲೆಕ್ಕದಲ್ಲಿ ಹಿಡಿದ ತಪ್ಪುಗಳು ಎರಡು. ಮೊದಲನೆಯದು, ಎಣಿಕೆ ನಡೆದ ವಾರ. ದೇಶದಾದ್ಯಂತ ಪ್ರಯಾಣಿಕರನ್ನು ಎಣಿಸಿದ್ದು 1961ರ ಏಪ್ರಿಲ್ 23ಕ್ಕೆ ಮುಗಿದ ವಾರದಲ್ಲಿ, ಈಸ್ಟರ್ ಕಳೆದು ಬೇಸಿಗೆ ಬರುವ ಮೊದಲು. ಇಲ್ಫ್ರಕೂಮ್‌ನಂಥ ಕಡಲೂರಿನ ರೈಲಿಗೆ ಜುಲೈ, ಆಗಸ್ಟ್ ತಿಂಗಳ ಶನಿವಾರಗಳೇ ಸುಗ್ಗಿ. ಅಲ್ಲಿನ ವಸತಿಗೃಹಗಳು ಕೋಣೆ ಕೊಡುತ್ತಿದ್ದದ್ದು ಶನಿವಾರದಿಂದ ಶನಿವಾರಕ್ಕೆ. ಹಾಗಾಗಿ ಬರುವವರೂ ಹೋಗುವವರೂ ಅದೇ ಒಂದು ದಿನ ಹಳಿಯ ಮೇಲಿರುತ್ತಿದ್ದರು. ಊಟಿ ರೈಲಿನ ವರಮಾನವನ್ನು ಮಳೆಗಾಲದ ಒಂದು ವಾರದಲ್ಲಿ ಅಳೆದಂತೆ ಇದು ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಬೀಚಿಂಗ್ ಅವರ ಉತ್ತರದಲ್ಲೂ ತಿರುಳಿತ್ತು. ಅಂಥ ಶನಿವಾರಗಳಿಗೆಂದೇ ಇಟ್ಟುಕೊಂಡ ಬೋಗಿಗಳ ಪೈಕಿ 2,000 ಬೋಗಿಗಳು ವರ್ಷದಲ್ಲಿ 10 ಸಲಕ್ಕಿಂತ ಹೆಚ್ಚು ಹೊರಡುತ್ತಲೇ ಇರಲಿಲ್ಲ. ವರ್ಷವಿಡೀ ಅವನ್ನು ಸಾಕುವ ಖರ್ಚು ಆ 10 ದಿನದ ಟಿಕೆಟ್ಟಿನಿಂದ ಹುಟ್ಟುತ್ತಿರಲಿಲ್ಲ.

ಎರಡನೆಯ ತಕರಾರು ಹೆಚ್ಚು ಆಳದ್ದು. ಲಂಡನ್‌ನಿಂದ ಸಿಡ್‌ಮತ್‌ಗೆ ಒಂದು ಕುಟುಂಬ ಬಂದಿತೆನ್ನಿ. ಅವರು ಕೊಟ್ಟ ಹಣದಲ್ಲಿ ನೂರೈವತ್ತಕ್ಕೂ ಹೆಚ್ಚು ಮೈಲಿಯ ಪಾಲು ಮುಖ್ಯ ಮಾರ್ಗದ ಖಾತೆಗೆ, ಕೊನೆಯ ಎಂಟು ಮೈಲಿಯ ಪಾಲು ಮಾತ್ರ ಕವಲಿನ ಖಾತೆಗೆ ಹೋಗುತ್ತದೆ. ಕವಲಿನ ಖಾತೆಯಲ್ಲಿ ಚಿಲ್ಲರೆ ಕಾಣುತ್ತದೆ. ಆದರೆ ಆ ಎಂಟು ಮೈಲಿ ಇಲ್ಲದಿದ್ದರೆ ಅವರು ರೈಲೇ ಹತ್ತದಿರಬಹುದು. ವರದಿ ಇದನ್ನು ಮರೆತಿರಲಿಲ್ಲ. ಕವಲು ಮುಚ್ಚಿದರೆ ಜನ ಬಸ್ಸಿನಲ್ಲೋ ಕಾರಿನಲ್ಲೋ ಜಂಕ್ಷನ್ನಿಗೆ ಬಂದು ಅಲ್ಲಿಂದ ರೈಲು ಹತ್ತುತ್ತಾರೆ ಎಂದು ಅದು ಭಾವಿಸಿತ್ತು. ಹಾಗಾಗಲಿಲ್ಲ. ಕಾರಿನೊಳಗೆ ಕೂತ ಮೇಲೆ ಎಂಟು ಮೈಲಿಗೆ ಇಳಿಯುವವರು ಯಾರು? ಅವರು ಊರಿನವರೆಗೂ ಕಾರಿನಲ್ಲೇ ಹೋದರು. ಉಪನದಿಯನ್ನು ಕಟ್ಟಿದರೆ ಹೊಳೆ ಬಡವಾಗುತ್ತದೆ ಎಂಬುದು ಕೃಷ್ಣೆ, ಕಾವೇರಿಯ ಜಗಳ ಕೇಳಿ ಬೆಳೆದ ನಮಗೆ ತಟ್ಟನೆ ಹೊಳೆಯುವ ಮಾತು. ಲೆಕ್ಕಪುಸ್ತಕ ಪ್ರತಿ ಉಪನದಿಗೂ ಬೇರೆ ಬೇರೆ ಪುಟ ತೆರೆದಿತ್ತು.

ಇದನ್ನು ಹೇಳಲು ಜನರಿಗೆ ವೇದಿಕೆಯಿರಲಿಲ್ಲ. ಮುಚ್ಚುವ ಮುನ್ನ ಸಾರಿಗೆ ಬಳಕೆದಾರರ ಸಮಿತಿಯೊಂದು ಅಹವಾಲು ಕೇಳುತ್ತಿತ್ತು. ಆದರೆ ಕಾನೂನಿನ ಪ್ರಕಾರ ಅದು ವಿಚಾರಿಸಬಹುದಾಗಿದ್ದದ್ದು ಜನರಿಗೆ ಆಗುವ ತೊಂದರೆಯನ್ನು ಮಾತ್ರ. ರೈಲ್ವೆ ಕೊಟ್ಟ ಖರ್ಚು ವೆಚ್ಚದ ಅಂಕಿ ಸರಿಯೇ, ಕಡಿಮೆ ಸಿಬ್ಬಂದಿಯಿಂದ ನಡೆಸಲಾಗದೇ ಎಂಬ ಪ್ರಶ್ನೆಗಳು ಅಲ್ಲಿ ನಿಷಿದ್ಧ. ಅಂತಿಮ ಸಹಿ ಸಚಿವರದು. 1964ರಲ್ಲಿ ಲೇಬರ್ ಪಕ್ಷದ ಸರಕಾರ ಬಂದ ಮೇಲೂ ಸಹಿಗಳು ಬೀಳುತ್ತಲೇ ಹೋದವು. ಸಮಾಜಕ್ಕೆ ಬೇಕಾದ ಆದರೆ ನಷ್ಟದಲ್ಲಿರುವ ಮಾರ್ಗಗಳಿಗೆ ಸಹಾಯಧನ ಕೊಡಬಹುದು ಎಂಬ ಕಾನೂನು 1968ರಲ್ಲಿ ಬಂದಾಗ ಡೆವನ್‌ನಲ್ಲಿ ಉಳಿಸಲು ಹೆಚ್ಚೇನೂ ಉಳಿದಿರಲಿಲ್ಲ.

ಹಳೆಯ ಪೈಪೋಟಿಯೂ ಇಲ್ಲಿ ತನ್ನ ಕೊನೆಯ ಆಟ ಆಡಿತು. 1963ರ ಜನವರಿ 1ರಿಂದ, ಹಿಂದೆ ಸೌತ್ ವೆಸ್ಟರ್ನ್ ಪಾಳೆಯಕ್ಕೆ ಸೇರಿದ್ದ ಪಶ್ಚಿಮದ ಹಳಿಗಳೆಲ್ಲ ಹಳೆಯ ಗ್ರೇಟ್ ವೆಸ್ಟರ್ನ್ ಪಾಳೆಯದ ಆಡಳಿತ ವಿಭಾಗಕ್ಕೆ ಹೋದವು. ವಾಟರ್‌ಲೂನಿಂದ ಹೊರಟು, ದಾರಿಯುದ್ದಕ್ಕೂ ಒಂದೊಂದೇ ಬೋಗಿ ಕಳಚುತ್ತ ಇಲ್ಫ್ರಕೂಮ್, ಟಾರಿಂಗ್ಟನ್, ಬ್ಯೂಡ್, ಪ್ಯಾಡ್‌ಸ್ಟೋ, ಪ್ಲಿಮತ್ ಊರುಗಳಿಗೆಲ್ಲ ನೇರ ಪ್ರಯಾಣ ಕೊಡುತ್ತಿದ್ದ ಅಟ್ಲಾಂಟಿಕ್ ಕೋಸ್ಟ್ ಎಕ್ಸ್‌ಪ್ರೆಸ್ 1964ರ ಸೆಪ್ಟೆಂಬರ್ 5ರಂದು ಕೊನೆಯ ಬಾರಿ ಓಡಿತು. ಪ್ಲಿಮತ್‌ಗೆ ಎರಡು ಮುಖ್ಯ ಮಾರ್ಗ ಅತಿಯಾಯಿತು ಎಂಬ ಮಾತಿಗೆ ಎದುರು ಹೇಳುವುದು ಕಷ್ಟವಿತ್ತು. 1968ರ ಮೇ 6ರಂದು ಓಕ್‌ಹ್ಯಾಂಪ್ಟನ್ ಮತ್ತು ಬೀರ್ ಆಲ್ಸ್ಟನ್ ನಡುವಿನ ಹಳಿ ಮುಚ್ಚಿತು, ಟ್ಯಾವಿಸ್ಟಾಕ್ ಅದರೊಡನೆ ಹೋಯಿತು. ಬ್ರಿಕ್ಸಮ್, ಕಿಂಗ್ಸ್‌ಬ್ರಿಡ್ಜ್ 1963ರಲ್ಲಿ, ಬಿಡಿಫರ್ಡ್ 1965ರಲ್ಲಿ, ಸೀಟನ್ 1966ರಲ್ಲಿ, ಸಿಡ್‌ಮತ್ 1967ರಲ್ಲಿ, ಇಲ್ಫ್ರಕೂಮ್ 1970ರಲ್ಲಿ ಹೋದವು. ಓಕ್‌ಹ್ಯಾಂಪ್ಟನ್‌ನ ಪ್ರಯಾಣಿಕರ ರೈಲು 1972ರವರೆಗೆ ಉಸಿರು ಹಿಡಿದಿತ್ತು.

ಉಳಿದವು ಯಾವ ಕಾರಣಕ್ಕೆ ಉಳಿದವು ಎಂದು ನೋಡಿದರೆ ಲಾಭ ನಷ್ಟದ ತರ್ಕ ಸಾಲುವುದಿಲ್ಲ. ಪ್ಲಿಮತ್‌ನಿಂದ ಗನ್ನಿಸ್‌ಲೇಕ್‌ಗೆ ಹೋಗುವ ಮಾರ್ಗ ಉಳಿದದ್ದು, ಟೇಮರ್ ಮತ್ತು ಟ್ಯಾವಿ ನದಿಗಳ ನಡುವೆ ಸಿಕ್ಕ ಹಳ್ಳಿಗಳಿಗೆ ನೇರ ರಸ್ತೆಯಿಲ್ಲದ್ದರಿಂದ, ಬಸ್ಸು ಹಾಕಲು ಬಾರದ್ದರಿಂದ. ರಸ್ತೆ ಕೆಟ್ಟದ್ದಾಗಿದ್ದದ್ದೇ ಅವರ ಭಾಗ್ಯವಾಯಿತು. ಇನ್ನು ಓಕ್‌ಹ್ಯಾಂಪ್ಟನ್ ಆಚೆಗಿನ ಮೆಲ್ಡನ್ ಕ್ವಾರಿಯಲ್ಲಿ ತೆಗೆಯುತ್ತಿದ್ದದ್ದು ರೈಲ್ವೆಗೇ ಬೇಕಾದ ಜಲ್ಲಿ. ಪ್ರಯಾಣಿಕರ ರೈಲು ನಿಂತ ಮೇಲೂ ಜಲ್ಲಿ ಗಾಡಿಗಳಿಗಾಗಿ ಆ ಹಳಿ ನೆಲದ ಮೇಲೆ ಉಳಿಯಿತು.

ನೆಲದ ಮೇಲೆ ಉಳಿಯುವುದು ಎಷ್ಟು ದೊಡ್ಡ ಸಂಗತಿ ಎಂಬುದು ನಿಧಾನವಾಗಿ ತಿಳಿಯಿತು. ಸಿಡ್‌ಮತ್ ಜಂಕ್ಷನ್ ನಿಲ್ದಾಣವನ್ನು 1967ರ ಮಾರ್ಚಿನಲ್ಲಿ ಕವಲಿನ ಜತೆಗೇ ಮುಚ್ಚಿದ್ದರು. ಸುತ್ತ ಹೊಸ ಮನೆಗಳೆದ್ದಾಗ, ಮುಖ್ಯ ಹಳಿ ಅಲ್ಲೇ ಇದ್ದುದರಿಂದ, 1971ರಲ್ಲಿ ಫೆನಿಟನ್ ಎಂಬ ಹೆಸರಿನಲ್ಲಿ ಅದನ್ನು ಮತ್ತೆ ತೆರೆಯಲಾಯಿತು. ಸಿಡ್‌ಮತ್ ಕವಲಿಗೆ ಆ ಅವಕಾಶವಿರಲಿಲ್ಲ. ಆ್ಯಶ್‌ಬರ್ಟನ್ ಮಾರ್ಗವನ್ನು ರೈಲುಪ್ರೇಮಿಗಳು ಕೊಂಡು 1969ರಲ್ಲಿ ಉಗಿ ರೈಲು ಓಡಿಸಲು ಶುರುಮಾಡಿದರು. ಅದರ ವಿಧ್ಯುಕ್ತ ಉದ್ಘಾಟನೆಗೆ ಅವರು ಕರೆದದ್ದು ಬೀಚಿಂಗ್ ಅವರನ್ನೇ, ಅವರು ಬಂದು ಉದ್ಘಾಟಿಸಿದ್ದೂ ನಿಜ. ಆದರೆ ಆ್ಯಶ್‌ಬರ್ಟನ್ ಕಡೆಯ ತುದಿ ಅವರಿಗೆ ದಕ್ಕಲಿಲ್ಲ. ಆ ಜಾಡನ್ನು ಎ-38 ಹೆದ್ದಾರಿಯ ವಿಸ್ತರಣೆ ನುಂಗಿತು, ಉಗಿ ರೈಲು ಬಕ್‌ಫಾಸ್ಟ್‌ಲೀಯಲ್ಲೇ ನಿಲ್ಲುತ್ತದೆ. ಲಿಂಟನ್ ಮಾರ್ಗವನ್ನು ಎಬ್ಬಿಸಲು ಹೊರಟವರು ಒಡೆದುಹೋದ ನೆಲವನ್ನು ತುಂಡು ತುಂಡಾಗಿ ಕೊಳ್ಳುತ್ತ, 2004ರಲ್ಲಿ ವುಡಿ ಬೇಯಲ್ಲಿ ರೈಲು ಓಡಿಸಿದರು; 19 ಮೈಲಿಯಲ್ಲಿ ಎಚ್ಚರಗೊಂಡದ್ದು ಸುಮಾರು ಒಂದು ಮೈಲಿ.

2014ರ ಫೆಬ್ರುವರಿ 4ರ ರಾತ್ರಿ ಬಿರುಗಾಳಿಗೆ ಡಾಲಿಶ್‌ನ ಕಡಲ ಗೋಡೆ ಕುಸಿಯಿತು. ಬೆಳಗಾದಾಗ ಕಂಡದ್ದು, ಕೆಳಗೆ ನೆಲವಿಲ್ಲದೆ ಗಾಳಿಯಲ್ಲಿ ತೂಗುತ್ತಿದ್ದ ಹಳಿ, ಅದಕ್ಕೆ ಅಂಟಿಕೊಂಡ ಸ್ಲೀಪರುಗಳು. ಏಪ್ರಿಲ್ 4ರವರೆಗೆ, ಎರಡು ತಿಂಗಳು, ಪ್ಲಿಮತ್ ನಗರವೂ ಪಕ್ಕದ ಇಡೀ ಕಾರ್ನ್‌ವಾಲ್ ಕೌಂಟಿಯೂ ದೇಶದ ಉಳಿದ ರೈಲುಜಾಲದಿಂದ ಕತ್ತರಿಸಿಹೋದವು. 1968ರಲ್ಲಿ ಅತಿಯೆನಿಸಿದ್ದ ಎರಡನೆಯ ಮಾರ್ಗ ಬೆಟ್ಟದ ಹಿಂದೆ, ಕಡಲಿಗೆ ಎಟುಕದ ಜಾಗದಲ್ಲಿತ್ತು. ಅದರ ಮೆಲ್ಡನ್ ಸೇತುವೆ, ಕಣಿವೆಯಿಂದ 150 ಅಡಿ ಎತ್ತರದಲ್ಲಿ ಕಬ್ಬಿಣದ ಕಾಲುಗಳ ಮೇಲೆ 1874ರಲ್ಲಿ ಎದ್ದದ್ದು, ಇಂದಿಗೂ ನಿಂತಿದೆ. ಅದರ ಮೇಲೆ ಈಗ ಸೈಕಲ್ ಸವಾರರು ಹೋಗುತ್ತಾರೆ.

ಆ ಘಟನೆಯ ಬಿಸಿಯೂ ಊರವರ ಹಲವು ದಶಕಗಳ ಒತ್ತಾಯವೂ ಕೂಡಿ, 2021ರ ನವೆಂಬರ್ 20ರಂದು ಎಕ್ಸೆಟರ್ ಮತ್ತು ಓಕ್‌ಹ್ಯಾಂಪ್ಟನ್ ನಡುವೆ ದೈನಂದಿನ ರೈಲು ಮರಳಿತು. 11 ಮೈಲಿ ಹಳಿ ಹೊಸದಾಗಿ ಹಾಸಿದರು, ಖರ್ಚು 4.05 ಕೋಟಿ ಪೌಂಡ್. ಕೆಲಸ ಮುಗಿದದ್ದು ಒಂಬತ್ತು ತಿಂಗಳಲ್ಲಿ. ಇಷ್ಟು ಬೇಗ ಆದದ್ದಕ್ಕೆ ಕಾರಣ ಜಲ್ಲಿ ಗಾಡಿಗಳು ಉಳಿಸಿಕೊಟ್ಟ ಆ ಅಖಂಡ ನೆಲ. ಯಾವ ಮನೆಯನ್ನೂ ಒಡೆಯಬೇಕಿರಲಿಲ್ಲ, ಯಾವ ಹೊಲವನ್ನೂ ಕೊಳ್ಳಬೇಕಿರಲಿಲ್ಲ. ಮೊದಲ ವರ್ಷದಲ್ಲೇ ಎರಡೂವರೆ ಲಕ್ಷಕ್ಕೂ ಹೆಚ್ಚು ಪ್ರಯಾಣಗಳು ನಡೆದವು.

ಟ್ಯಾವಿಸ್ಟಾಕ್‌ಗೂ ರೈಲು ತರಬೇಕೆಂಬ ಯೋಜನೆ ಅದರ ಬೆನ್ನಲ್ಲೇ ಇತ್ತು. ಬೀರ್ ಆಲ್ಸ್ಟನ್‌ನಿಂದ ಬೇಕಾದದ್ದು ಸುಮಾರು ಐದು ಮೈಲಿ ಹಳಿ. ಆದರೆ ಊರೊಳಗಿನ ಹಳೆಯ ನಿಲ್ದಾಣ ಈಗ ವಾಸದ ಮನೆಗಳಾಗಿದೆ, ರೈಲ್ವೆಯ ಹಳೆಯ ನೆಲದ ಮೇಲೆ ಸ್ಥಳೀಯ ಆಡಳಿತದ ಕಚೇರಿ ಎದ್ದಿದೆ. ಹೊಸ ರೈಲು ಊರಿನ ಅಂಚಿನಲ್ಲೇ ನಿಲ್ಲಬೇಕು. ಮುಚ್ಚಿದ ಮಾರ್ಗಗಳನ್ನು ತೆರೆಯಲು ಹಣ ಕೊಡುತ್ತಿದ್ದ ಕೇಂದ್ರ ಸರಕಾರದ ಕಾರ್ಯಕ್ರಮವೂ 2024ರ ಜುಲೈಯಲ್ಲಿ ರದ್ದಾಯಿತು. ಪ್ಲಿಮತ್‌ನಿಂದ ಬಂದ ರೈಲು ಬೀರ್ ಆಲ್ಸ್ಟನ್‌ನಲ್ಲಿ ಇಂದಿಗೂ ನಿಲ್ಲುತ್ತದೆ. ಚಾಲಕ ತನ್ನ ಕೋಣೆಯಿಂದ ಇಳಿದು, ಪ್ಲಾಟ್‌ಫಾರ್ಮಿನುದ್ದಕ್ಕೂ ನಡೆದು, ಹಿಂದಿನ ತುದಿಯ ಕೋಣೆಗೆ ಹತ್ತುತ್ತಾನೆ. ರೈಲು ಹಿಮ್ಮುಖವಾಗಿ ಹೊರಟು ಗನ್ನಿಸ್‌ಲೇಕ್ ಕಡೆಗೆ ತಿರುಗುತ್ತದೆ. ಅದು ಮುಖ ಮಾಡಿ ನಿಂತಿದ್ದ ದಿಕ್ಕಿನಲ್ಲಿ, ಟ್ಯಾವಿಸ್ಟಾಕ್ ಕಡೆಗೆ, ಪೊದೆ ಬೆಳೆದಿದೆ.